ಏಕಾದಶಿ ದಿನದ ಕೆಮ್ಮಿನ ಮದ್ದು

ಹಲೋ... ಹಲೋ, ನಮ್ಮ ಹೋಟ್ಲೇ ಅಲ್ವಾ? ಯಾರು ಮಾತಾಡುದು? ಮುರಾರಿ ಚಿಕ್ಕಪ್ಪನಾ?... ನಾನು, ವನಮಾಲಾ. ಫಾರ್ಮಸಿ ಕಾಲೇಜಿನ ಆಫೀಸಿಂದ.

...

ಊಟ ಆಮೇಲೆ ಚಿಕ್ಕಪ್ಪ. ಅಜ್ಜಿ ಎಲ್ಲಿ? ನಿನ್ನೆ ನಾನು ತಂದುಕೊಟ್ಟ ಕೆಮ್ಮಿನ ಮದ್ದು ಕುಡಿದ್ಳಾ? ಕುಡಿದ್ಳಾ ಇಲ್ವಾ, ಅಷ್ಟು ಹೇಳಿ ಮೊದಲು.

...

ಅದು ಕೆಮ್ಮಿನ ಮದ್ದಲ್ಲ. ಕಾಲುಗಂಟಿಗೆ ತಿಕ್ಕುವ ಎಣ್ಣೆ. ಟರ್ಪೆಂಟೈನು, ಕರ್ಪೂರ... ಹಾಂ, ಹೊಟ್ಟೆಗೆ ಹೋದ್ರೆ ವಿಷವೇ.

...

ಹೇಗೆ ಅಂದ್ರೆ... ಅಂಗಡಿ ಮದ್ದಿಗೆ ಸ್ಪಿರಿಟ್ ಹಾಕ್ತಾರೆ, ಮೈಲಿಗೆ, ನೀನೇ ಮಾಡಿಕೊಡು ಅಂತ ಅಜ್ಜಿ ಹಟ ಹಿಡಿದಿದ್ಳಲ್ಲ? ನಿನ್ನೆ ಪ್ರಾಕ್ಟಿಕಲ್ಲಿನಲ್ಲಿ ಎಣ್ಣೆ ಮಾಡುವಾಗ, ಪಕ್ಕದಲ್ಲೇ ಅವಳಿಗೆ ಅಂತ ಜೇನು, ಜ್ಯೇಷ್ಠಮಧು ಕದಡಿ ಇಟ್ಟೆ. ಅಷ್ಟೊತ್ತಿಗೆ ಲೋಡ್‌ಶೆಡ್ಡಿಂಗು. ಎರಡೂ ಕಂದು ಬಾಟ್ಲಿ. ದಿನಾ ಪ್ರಾಕ್ಟಿಕಲ್ಲು, ಮನೆಗೆ ಬಂದು ರೆಕಾರ್ಡು ಬರೆಯುದು, ನಿದ್ದೆ ಅಂತ ಉಂಟಾ ನಂಗೆ? ಚೀಟಿ ಅಂಟಿಸಿದ್ದೇ ನೆನಪಿಲ್ಲ. ಈಗ ಸರ್ ನನ್ನ ಎಣ್ಣೆ ಅಂಗೈಗೆ ಹಾಕಿ ತಿಕ್ಕಿದ್ರು, ಬೆರಳೆಲ್ಲ ಜೇನಿನ ಅಂಟು. ಕ್ಲಾಸೆಲ್ಲ ನಕ್ಕಿತು. ನಾನು ಅಲ್ಲಿಂದ ನೇರ ಈ ಫೋನಿಗೆ ಓಡಿ ಬಂದೆ.

...

ವಾಸನೆಯಾ? ಕರ್ಪೂರದ ವಾಸನೆ ಬಂದ್ರೆ ತೀರ್ಥ ಅಂತ ಇನ್ನೊಂದು ಚಮಚ ಕುಡಿಯುವವಳು ಅಜ್ಜಿ. ಒಳಗೆ ಹೋಗಿ ಕೇಳಿ ಬನ್ನಿ.

...

ಹಾಂ? ಇವತ್ತು ಏಕಾದಶಿಯಾ? ನಿನ್ನೆ ರಾತ್ರಿಯಿಂದ ನೀರೂ ಮುಟ್ಲಿಲ್ವಾ?... ಅಯ್ಯೋ ದೇವರೇ... ಇಲ್ಲ, ಅಳ್ತಾ ಇಲ್ಲ. ಚಿಕ್ಕಪ್ಪ, ಈ ಓದು ನನ್ನಿಂದ ಆಗುದಿಲ್ಲ, ಅಪ್ಪನಿಗೆ ನೀವೇ ಹೇಳಿ. ಆ ಬಾಟ್ಲಿ ತಂದು ನಿಮ್ಮ ಗಲ್ಲಾದಲ್ಲಿ ಇಟ್ಕೊಳ್ಳಿ.

...

ಬಾಟ್ಲಿ ಇಲ್ಲ ಅಂದ್ರೆ ಎಂತ? ತಾನು ಕುಡಿಯುವ ಹಾಗಿಲ್ಲ ಅಂತ ಮೇಲಿನ ಮನೆ ಪದ್ಮಿನಿ ಅತ್ತೆಯ ಕೆಮ್ಮಿಗೆ ಕೊಟ್ಳಾ? ಮೊಮ್ಮಗಳು ಮಾಡಿದ್ದು ಅಂತ ಹೇಳಿ?... ಓಡಿ ಚಿಕ್ಕಪ್ಪ. ಫೋನು ಇಡ್ಬೇಡಿ.

...

ಹಲೋ, ಯಾರು? ಅಜ್ಜಿಯಾ? ಎಂತಾಯ್ತು?... ಅತ್ತೆ ಕುಡಿದಾಯ್ತಾ? ಎಷ್ಟು?... ಕೆಳಗೆ ಕರ್ಕೊಂಡು ಬಂದ್ರಾ? ನಿನ್ನೆದುರೇ ಕೂತಿದ್ದಾರಾ? ಸರಿಯಾಗಿ ಉಸಿರಾಡ್ತಿದ್ದಾರಲ್ಲ?

...

ಉಪ್ಪುನೀರಾ? ಯಾರು ಕದಡುದು, ಚಿಕ್ಕಪ್ಪನಾ? ಬೇಡ ಅನ್ನು ಅಜ್ಜಿ. ವಾಂತಿ ಮಾಡಿಸ್ಲೇಬಾರದು. ಮೇಲೆ ಬರುವಾಗ ಆ ಎಣ್ಣೆ ಶ್ವಾಸಕ್ಕೆ ಹೋದ್ರೆ ಉಳಿಯುದಿಲ್ಲ. ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋಗ್ಲಿ, ಬಾಟ್ಲಿಯೂ ಜೊತೆಗೆ.

...

ಹೌದು, ಬಾಟ್ಲಿ ಅದಲುಬದಲು ಮಾಡಿದವಳು ನಾನೇ. ಇವಳ ಮಾತು ಎಂತಕ್ಕೆ ಕೇಳ್ಬೇಕು ಅಂತ ಚಿಕ್ಕಪ್ಪ ಕೇಳುದು ಸರಿಯೇ. ಆದ್ರೆ ಇದು ನಾನು ಓದಿದ್ದು ಅಜ್ಜಿ, ಇದು ನಂಗೆ ಗೊತ್ತುಂಟು. ಆ ಲೋಟ ನೀನೇ ಕಿತ್ಕೋ... ಮಡಿ ಹೋದ್ರೆ ಹೋಗ್ಲಿ, ಇನ್ನೊಂದು ಸಲ ಸ್ನಾನ ಮಾಡು. ಕಿತ್ಕೋ ಅಜ್ಜಿ...

...

ಕಿತ್ಕೊಂಡ್ಯಾ?... ಲೋಟ ಬಿದ್ದ ಶಬ್ದವಾ ಅದು?... ಅಜ್ಜಿ?... ಹಲೋ... ಹಲೋ...