ನೀರು ಏಕೆ ಅಗ್ಗ? (ಐದು ಅಂಕ)

"ಹಲೋ... ಹಲೋ, ಯಾರು ಮಾತಾಡ್ತಿರೋದು? ಪುನೀತ್ ಅಲ್ವಾ? ನಾನಪ್ಪಾ, ಭಾನುಪ್ರಿಯ. ಹಾಂ, ಅದೇ, ಎಕನಾಮಿಕ್ಸ್ ಮೇಡಂ. ನಿನ್ನೆ ಒಂದು ಟ್ಯಾಂಕರ್ ನೀರಿಗೆ ಹೇಳಿದ್ದೆನಲ್ಲ, ಗಂಟೆ ಒಂಬತ್ತಾಯ್ತು, ಇನ್ನೂ ಬರಲೇ ಇಲ್ಲ."

...

ಕಾಲೇಜಿಗೆ ರಜೆ ಹಾಕಿ, ಭಾನುಪ್ರಿಯ ತನ್ನ ರೇಷ್ಮೆ ಬಿಚ್ಚುವ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ರಾಮನಗರದ ಆ ಬೀದಿಗೆ ನಲ್ಲಿ ನೀರು ಬಂದು ಒಂಬತ್ತು ದಿನವಾಗಿತ್ತು. ಮನೆಯ ಬೋರ್‌ವೆಲ್ ಮೊನ್ನೆಯಿಂದ ಬರೀ ಗಾಳಿ ಉಗುಳುತ್ತಿತ್ತು. ಒಳಗೆ ಮಂಕರಿಗಳ ತುಂಬ ರೇಷ್ಮೆಗೂಡು. ಮಾರುಕಟ್ಟೆಯಿಂದ ತಂದು ಇವತ್ತಿಗೆ ಐದನೇ ದಿನ. ಬೇಯಿಸದೆ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಆಚೆ ಬರುತ್ತದೆ. ಹಾಗೆ ತೂತು ಬಿದ್ದ ಗೂಡಿನಿಂದ ಒಂದು ಮಾರು ಎಳೆಯೂ ಬರುವುದಿಲ್ಲ. ಬೇಯಿಸೋಣವೆಂದರೆ ಬಾಯ್ಲರಿಗೆ ಒಂದು ಚೊಂಬು ನೀರಿಲ್ಲ.

"ಏನು? ರೇಟು ಏರಿತಾ? ಸಾವಿರದ ಇನ್ನೂರು ಅಂದವನು ನೀನೇ ಅಲ್ವಾ? ಈಗ ಎರಡು ಸಾವಿರನಾ? ಬೆಳಗಾಗೋದ್ರೊಳಗೆ ನೀರೇನು ಚಿನ್ನ ಆಗ್ಬಿಡ್ತಾ?"

...

"ಚಿನ್ನ ಅಲ್ಲ, ವಜ್ರನಾ? ಏ, ನಗಬೇಡ ಕಣೋ. ನನ್ನ ಪಾಠ ನನಗೇ ಒಪ್ಪಿಸಬೇಡ."

...

"ನೆನಪಿದೆ. ನೆನಪಿಲ್ದೇ ಏನು? 'ಬದುಕಿಗೆ ಬೇಕಾದ ನೀರು ಅಗ್ಗ, ಬೇಡವಾದ ವಜ್ರ ದುಬಾರಿ. ಏಕೆ?' ಐದು ಅಂಕ. ನೀರು ಹೇರಳ, ವಜ್ರ ವಿರಳ ಅಂತ ಬರೆದಿದ್ರೆ ಮುಗಿದು ಹೋಗ್ತಿತ್ತು. ನೀನು ಬರೆದಿದ್ದೇನು? 'ನಮ್ಮೂರಲ್ಲಿ ವಜ್ರ ಕಂಡವರಿಲ್ಲ, ನೀರಿಗೆ ಕೊಡ ಹಿಡಿದು ಜಗಳ ಆಡ್ತೀವಿ, ಆದ್ದರಿಂದ ಪ್ರಶ್ನೆಯೇ ತಪ್ಪು.' ಸೊನ್ನೆ ಕೊಡದೆ ಇನ್ನೇನು ಕೊಡಲಿ?"

...

"ಆ ಸೊನ್ನೆಗೆ ಈಗ ಬಡ್ಡಿ ಹಾಕ್ತಿದ್ದೀಯಾ? ಇರಲಿ, ಇರಲಿ. ತಮಾಷೆಗೆ ಅಂತ ಗೊತ್ತು. ಅಲ್ಲ ಕಣೋ, ನನ್ನ ಮಾತೇ ನನಗೆ ತಿರುಗಿ ಕೇಳಿಸ್ತಿದೆ. ಬಾವಿಯೊಳಗೆ ನಿಂತಿದ್ದೀಯಾ ಹೆಂಗೆ?"

...

"ಎರಡೂ ಕೈಯಲ್ಲಿ ಪೈಪಾ? ಸರಿ, ಹಿಡ್ಕೋ, ಬಿಡಬೇಡ. ಹಾಗಾದ್ರೆ ತುಂಬಿಸ್ತಾ ಇದ್ದೀಯ ತಾನೆ? ಅದು ನನಗೇ ಅಲ್ವಾ?"

...

"ಬಿಡದಿ ಅಪಾರ್ಟ್‌ಮೆಂಟಿನೋರಾ? ಎರಡು ಸಾವಿರಕ್ಕೆ ಅವರು ಈಗಲೇ ಹ್ಞೂಂ ಅಂದ್ರಾ? ಪುನೀತ್, ಅವರು ಸ್ನಾನ ಒಂದು ದಿನ ಮುಂದಕ್ಕೆ ಹಾಕಬಹುದು. ನನ್ನ ಗೂಡು ನಾಳೆಗೆ ಕಾಯಲ್ಲಪ್ಪ."

...

"ಹುಳ ಸಾಯೋ ಹಾಗೆ ಗೂಡನ್ನ ಬಿಸಿಲಿಗೆ ಹರವಿ ಅಂತೀಯಾ? ಮೂರು ದಿನದಿಂದ ಮೋಡ. ಮೋಡ ಇದೆ, ಮಳೆ ಇಲ್ಲ. ಸುಮ್ನೆ ಚಾಪೆ ಹಾಸಿದ ಹಾಗೆ ಬಿದ್ದಿದೆ ಆಕಾಶದಲ್ಲಿ. ಈ ಗೂಡು ಹೋದ್ರೆ ಶೆಡ್ಡಿನ ಬಾಗಿಲು ಮುಚ್ಚಬೇಕು ಕಣೋ, ಬಾಯಿ ಮಾತಿಗೆ ಹೇಳ್ತಿಲ್ಲ."

ಶೆಡ್ಡಿನ ಕೆಲಸದ ಕೆಹಕಶಾನ್ ಬಂದು ಒಂದು ಗೂಡನ್ನು ಅವಳ ಅಂಗೈಯಲ್ಲಿಟ್ಟು ಹೋದಳು. ಗೂಡಿನ ಒಂದು ತುದಿ ಒದ್ದೆಯಾಗಿತ್ತು. ಒಳಗಿನದು ಬಾಗಿಲು ಮಾಡಿಕೊಳ್ಳುತ್ತಿದೆ ಎಂದರ್ಥ. ಇಡೀ ಶೆಡ್ಡಿನಲ್ಲಿ ಒದ್ದೆ ಎನ್ನುವುದಿದ್ದರೆ ಅದೊಂದೇ.

"ಆಯ್ತು. ಎರಡು ಸಾವಿರ. ಕೊಡ್ತೀನಿ. ಎಷ್ಟೊತ್ತಿಗೆ ಬರ್ತೀಯ? ಎಲ್ಲಿಂದ ಬರಬೇಕು?"

...

"ಮಾಗಡಿ ರೋಡಾ? ಹಾಂ, ಕೆರೆ ಏರಿ ಗೊತ್ತು. ಏರಿ ಇಳಿದು ಎಡಕ್ಕೆ... ಸಾವನದುರ್ಗ ಎದುರಿಗೆ ಕಾಣೋ ತೋಟನಾ? ಹುಣಸೆಮರದ ಕೆಳಗೆ ಬೋರ್ ಇರೋದು? ಯಾರದು ಅಂದೆ?"

...

"ಲೋಕೇಶಣ್ಣ."

ಆ ಹೆಸರನ್ನು ಅವಳು ಹೊರಗಿನವಳ ಹಾಗೆ ಉಚ್ಚರಿಸಿದಳು. ಲೋಕೇಶ ಅವಳ ಒಡಹುಟ್ಟಿದ ತಮ್ಮ. ಆ ಹುಣಸೆಮರಕ್ಕೆ ಜೋಕಾಲಿ ಕಟ್ಟಿಸಿಕೊಂಡು ಆಡಿದವಳು ಅವಳೇ. ಪುನೀತನಿಗೆ ಅದು ಗೊತ್ತಿರಲಿಲ್ಲ; ಮೇಡಂ ಅವರ ತವರುಮನೆ ಯಾವುದೆಂದು ವಿದ್ಯಾರ್ಥಿಗಳು ಕೇಳುವುದುಂಟೆ?

"ಅಲ್ಲಿ ಹಿಪ್ಪುನೇರಳೆ ತೋಟ ಇತ್ತಲ್ಲ? ಕಿತ್ತಾಕ್ಬುಟ್ರಾ? ಅರ್ಧನಾ? ಯಾವಾಗ?"

...

"ಸೊಪ್ಪಿಗಿಂತ ನೀರು ಮಾರಿದ್ರೇ ವಾಸಿ ಅಂತಾನಾ? ಹ್ಞೂಂ... ಲೆಕ್ಕ ಸರಿಯಾಗಿಯೇ ಇದೆ. ನಾನು ಪರೀಕ್ಷೆಗೆ ಕೇಳಿದ್ರೆ ಐದಕ್ಕೆ ಐದು ಕೊಡ್ತಿದ್ದೆ. ಇರು, ಹಿಂದೆ ಯಾರೋ ಕೂಗ್ತಿದ್ದಾರಲ್ಲ? ಹೆಂಗಸು?"

...

"ಏನಂತೆ ಆಯಮ್ಮಂದು?"

...

"ಇವತ್ತು ತೋಟದ ಸರದಿ ಅಂತಾರಾ? ಕರೆಂಟು ಎಷ್ಟೊತ್ತಿನವರೆಗೆ? ಹತ್ತಕ್ಕೇ ಹೋಗುತ್ತಾ? ಹಂಗಾದ್ರೆ ಟ್ಯಾಂಕರ್ ತುಂಬಿದ್ರೆ ತೋಟಕ್ಕಿಲ್ಲ, ತೋಟಕ್ಕೆ ಬುಟ್ರೆ ಟ್ಯಾಂಕರಿಗಿಲ್ಲ. ಒಂದಕ್ಕೇ ಸಾಕಾಗೋದು. ಅಲ್ವಾ?"

...

ಮೊನ್ನೆಯಷ್ಟೇ ಅವ್ವ ಕಾವೇರಮ್ಮ ಫೋನ್ ಮಾಡಿದ್ದಳು. "ಹುಳ ನಾಲ್ಕನೇ ಜ್ವರ ಕಳ್ದು, ಪೊರೆ ಬಿಟ್ಟು ಎದ್ದವೆ ಕಣವ್ವ. ಮದ್ವೆ ಮನೆ ಪಂಕ್ತಿಲಿ ಕೂತಂಗೆ ಬಾಯಿ ತಕ್ಕೊಂಡು ಕೂತವೆ. ಇನ್ನೊಂದ್ ವಾರ ನೀರು ಕಂಡ ಸೊಪ್ಪು ಹಾಕ್ಬುಟ್ರೆ ಗೂಡು ಕಟ್ತವೆ." ಉಳಿದರ್ಧ ತೋಟವನ್ನು ಅವ್ವ ಆ ಹುಳುಗಳಿಗಾಗಿಯೇ ಕಾಯ್ದುಕೊಂಡಿದ್ದಾಳೆಂದು, ಅಲ್ಲಿ ಕೂಗುತ್ತಿರುವುದೂ ಅವಳೇ ಎಂದು ಭಾನುಪ್ರಿಯಳಿಗೆ ಈಗ ತಿಳಿಯಿತು. ನೀರು ಕಾಣದೆ ಬಿರುಸಾದ ಸೊಪ್ಪನ್ನು ಹುಳು ಮೂಸಿಯೂ ನೋಡುವುದಿಲ್ಲ. ಅಲ್ಲಿ ಹೊಟ್ಟೆಗಿಲ್ಲದೆ ಸಾಯುವ ಹುಳು, ಇಲ್ಲಿ ಬೇಯಿಸುವವರಿಲ್ಲದೆ ಹಾರಿಹೋಗುವ ಹುಳು. ಕೊರತೆಯಿದ್ದಲ್ಲಿ ಬೆಲೆಯೇ ತೀರ್ಪುಗಾರ, ಯಾರಿಗೆ ಹೆಚ್ಚು ಬೇಕೋ ಅವರಲ್ಲಿಗೆ ವಸ್ತುವನ್ನು ಕಳಿಸುತ್ತದೆ ಎಂದು ಅವಳು ಹದಿಮೂರು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದಳು. ಅವ್ವನಿಗಿಂತ ಹೆಚ್ಚಾಗಿ ನೀರು ಬೇಕಾದವರು ಇನ್ಯಾರು? ಆದರೆ ಅವ್ವನ ಸೆರಗಿನ ಗಂಟಿನಲ್ಲಿ ಎರಡು ಸಾವಿರ ಇರಲಿಲ್ಲ.

"ಇಲ್ಲ, ಇದ್ದೀನಿ, ಲೈನಲ್ಲೇ ಇದ್ದೀನಿ. ಯೋಚನೆ ಮಾಡ್ತಿದ್ದೆ."

ಅಂಗೈಯಲ್ಲಿದ್ದ ಗೂಡು ಅಲುಗಿತು. ಅವಳು ಬೆರಳು ಮಡಚಿ ಅದನ್ನು ಮುಚ್ಚಿದಳು.

"ಪುನೀತ್, ಆಯಮ್ಮನಿಗೆ... ಆಯಮ್ಮನಿಗೆ ನಾಳೆ ಬಿಟ್ಟುಕೊಟ್ರೆ ಆಗಲ್ವಾ? ಒಂದು ದಿನದಲ್ಲಿ ಸೊಪ್ಪು ಒಣಗಿ ಹೋಗುತ್ತಾ? ಹಾಂ? ನಾಳೆಗೂ ಬುಕ್ ಆಗಿದೆಯಾ? ನಾಡಿದ್ದು?"

...

"ಅಲ್ಲ, ನನಗೆ ಹಂಗೇನೂ ಇಲ್ಲ. ಸುಮ್ನೆ ಕೇಳಿದೆ."

...

ಆ ಕಡೆ ಹೆಂಗಸಿನ ಕೂಗು ನಿಂತಿತ್ತು. ನಿಂತದ್ದು ಅವಳಿಗೆ ಸಮಾಧಾನವೆನಿಸಿತು. ಅದರ ಹಿಂದೆಯೇ ನಾಚಿಕೆಯೂ ಬಂತು.

"ತುಂಬಿಸು. ಹಾಂ, ನನಗೇ ತುಂಬಿಸು. ಬೇಗ."

...

"ಇನ್ನೊಂದು ಮಾತು. ನೀರು ಯಾರಿಗೆ ಅಂತ ಅಲ್ಲಿ ಯಾರಾದ್ರೂ ಕೇಳಿದ್ರೆ ಬಿಡದಿಗೆ ಅಂತ ಹೇಳ್ಬಿಡು. ನನ್ನ ಹೆಸರು ಎತ್ತಬೇಡ."

...

"ಯಾಕೆ ಅಂದ್ರೆ... ಯಾಕೂ ಇಲ್ಲ ಕಣೋ. ಅವರು ಯಾರೋ, ನಾನು ಯಾರೋ. ದುಡ್ಡು ಕೊಡ್ತೀನಿ, ನೀರು ತಗೋತೀನಿ, ಅಷ್ಟೇ. ಆಯಮ್ಮಂಗೂ ನಂಗೂ ಏನು ಸಂಬಂಧ?"

...

ಸಂಬಂಧ ಎನ್ನುವ ಮಾತು ಅವಳದೇ ಧ್ವನಿಯಲ್ಲಿ ಹಿಂತಿರುಗಿ ಬಂತು, ಗಟ್ಟಿಯಾಗಿ, ಬಯಲಿನಲ್ಲಿ ಕೂಗಿದ ಹಾಗೆ.

"ಪುನೀತ್? ಅಲ್ಲ, ಎರಡೂ ಕೈಯಲ್ಲಿ ಪೈಪು ಅಂದೆಯಲ್ಲ. ಹಾಗಾದ್ರೆ ಫೋನ್ ಎಲ್ಲಿಟ್ಟಿದ್ದೀಯ?"

...

"ಬಾನೆಟ್ ಮೇಲಾ? ಸ್ಪೀಕರ್ ಹಾಕಿನಾ? ಯಾವಾಗಿಂದ? ಮೊದಲಿಂದಾನಾ?"

...

"ಪಕ್ಕದಲ್ಲಿ ಯಾರಿದ್ದಾರೆ? ಪುನೀತ್, ನಿನ್ನನ್ನೇ ಕೇಳ್ತಿರೋದು, ಪಕ್ಕದಲ್ಲಿ ಯಾರು ನಿಂತಿದ್ದಾರೆ?"

...

"ಅವ್ವಾ?"

...

"ಅವ್ವ, ನೀನಾ? ಇಲ್ಲ ಕಣವ್ವ, ನಾನು... ಇಲ್ಲಿ ಗೂಡು ಒಡೀತಾ ಐತೆ ಕಣವ್ವ, ಅದಕ್ಕೇ..."

...

"ಹಾಂ? ಏನಂದೆ? ಯಾರು... ಯಾರು ಮಾತಾಡ್ತಿರೋದು ಅಂತ ನನ್ನ ಕೇಳ್ತಿದ್ದೀಯಾ? ಹಂಗನ್ಬೇಡ ಅವ್ವ. ನಾನು ಕಣವ್ವ. ಹಲೋ? ನಾನು, ಭಾ—"