ಇಬ್ಬರೆಂದು ಹೇಳಿ ತಂದ ಪ್ರೊಪೆಲ್ಲರ್

ಕಡಲಿಗೆ ಉಪ್ಪು ಹಾಕಿದವರು ಯಾರೆಂದು ಮೀನುಗಳಿಗಾದರೂ ನೆನಪಿದ್ದ ಕಾಲದಲ್ಲಿ, ಹೊಳೆ ಬಂದು ಕಡಲು ಸೇರುವ ಒಂದೂರಲ್ಲಿ ಒಬ್ಬ ಧಣಿ ಇದ್ದ. ನನ್ನಜ್ಜಿಯಾಗಿದ್ದರೆ ಹೀಗೇ ಶುರು ಮಾಡುತ್ತಿದ್ದಳು. ನಾನು ಅಷ್ಟು ಹಿಂದಕ್ಕೆ ಹೋಗುವ ಹಾಗಿಲ್ಲ, ಏಕೆಂದರೆ ಈ ಕಥೆಯಲ್ಲಿ ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಬರುತ್ತದೆ. ಕಾಲ ಯಾವುದಾದರೂ ಇರಲಿ, ಧಣಿಯಂತೂ ಇದ್ದ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಪಕ್ಕದವರ ಮುಖ ನೋಡುತ್ತೀರಿ.

ಈ ಧಣಿಗೆ ಹೆಂಚಿನ ಮನೆ ಇತ್ತು, ತೋಟ ಇತ್ತು, ಬಲೆ ಇತ್ತು. ಇಲ್ಲದ್ದು ಒಂದೇ. ಮನಸ್ಸು ಬೆನ್ನು ಕೊಟ್ಟು ಕೂರಲು ಅವನಿಗೊಂದು ಗೋಡೆ ಇರಲಿಲ್ಲ. ಯಾವ ಗೋಡೆಯಾದರೂ ಬೀಳುತ್ತದೆ ಎಂಬ ಸಂಶಯ. ಹೆಂಡತಿ ಕೇಳದೆಯೇ ಚಹಾ ತಂದಿಟ್ಟರೆ, ಇವತ್ತೇನೋ ಇದೆ ಎಂಬ ಸಂಶಯ. ತರದಿದ್ದರೆ, ಇವತ್ತು ಖಂಡಿತ ಏನೋ ಇದೆ ಎಂಬ ಸಂಶಯ. ನಗಬೇಡಿ. ನಗುವವರ ಮನೆಯಲ್ಲೂ ಚಹಾ ಕಾಯುತ್ತದೆ.

ಇರಲಿ. ಆ ವರ್ಷ ಮಳೆಗಾಲ ಹಿಡಿಯುವ ಮುಂಚೆ ಧಣಿಯ ಹಳೆಯ ದೋಣಿ ಅಳಿವೆಯಲ್ಲಿ ಒಡೆಯಿತು. ಅಳಿವೆ ಎಂದರೆ ನಿಮಗೆ ಗೊತ್ತಲ್ಲ, ಹೊರಟ ಹೊಳೆಯೂ ಒಳಬರುವ ಕಡಲೂ ಎದೆಗೆ ಎದೆ ಕೊಟ್ಟು ಗುದ್ದಾಡುವ ಜಾಗ. ದೋಣಿಯಲ್ಲಿದ್ದ ಎಂಟು ಜನರೂ ಈಜಿ ದಡ ಸೇರಿದರು. ಜೀವ ಉಳಿಯಿತು, ಕೆಲಸ ಹೋಯಿತು. ವಾರದೊಳಗೆ ಬೇರೆ ಬಂದರಿನಿಂದ ಜನ ಬಂದರು. ದೋಣಿ ನಡೆಸುತ್ತಿದ್ದ ತಾಂಡೇಲನನ್ನು, ಅವನ ಏಳು ಜನರನ್ನು ಕರೆದರು. ಆಗ ಧಣಿ ಮುರಿದ ಹಲಗೆಯ ಮೇಲೆ ಕೈಯಿಟ್ಟು ಎಲ್ಲರೆದುರು ಹೇಳಿದ:

"ಹೋಗ್ಬೇಡಿ. ನೂಲಹುಣ್ಣಿಮೆ ದಿನ, ಕಡಲ ಪೂಜೆ ಆದ ಕೂಡ್ಲೆ, ನೀವೆಂಟೂ ಜನ ನನ್ನ ಹೊಸ ದೋಣಿಯಲ್ಲಿ ಅಳಿವೆ ದಾಟ್ತ್ರಿ. ಇದು ನನ್ನ ಮಾತು."

ತಾಂಡೇಲ ಬಂದವರನ್ನು ವಾಪಸು ಕಳಿಸಿದ. ನೋಡಿ, ಅವನು ಹಲಗೆಯನ್ನು ನಂಬಲಿಲ್ಲ, ಮಾತನ್ನು ನಂಬಿದ. ಆ ಮಳೆಗಾಲವಿಡೀ ಎಂಟು ಮನೆಗಳು ಒಬ್ಬನ ಮಾತಿನ ಮೇಲೆ ಕೂತಿದ್ದವು. ಹುಣ್ಣಿಮೆಯ ದಿನ ದೋಣಿ ಹೊರಡದಿದ್ದರೆ? ಅಷ್ಟರಲ್ಲಿ ಬೇರೆ ದೋಣಿಗಳೆಲ್ಲ ತುಂಬಿರುತ್ತವೆ. ಆ ವರ್ಷಕ್ಕೆ ಕಡಲಿನಲ್ಲಿ ಎಂಟು ಜನರಿಗೂ ಕೂರಲು ಜಾಗವಿಲ್ಲ.

ಹೊಸ ಫೈಬರ್ ದೋಣಿ ಬಂತು. ಹೊಳೆಯ ದಡದಲ್ಲಿ ಕವುಚಿ ಹಾಕಿದಾಗ, ಬಿಳಿಯ ತಿಮಿಂಗಿಲವೊಂದು ಮಳೆಗೆ ಹೆದರಿ ಮಲಗಿದಂತೆ ಕಾಣುತ್ತಿತ್ತು. ಇನ್ನು ಎಂಜಿನ್ ಆಗಬೇಕು. ನೋಡಲು ಹೊರಟ ಬೆಳಿಗ್ಗೆ ತಾಂಡೇಲ ಇಸ್ತ್ರಿಯ ಅಂಗಿ ತೊಟ್ಟು ಬಾಗಿಲಿಗೆ ಬಂದ.

"ಧಣಿಗಳೇ, ನಾನೂ ಬತ್ತೆ. ಕಡ್ಲಲ್ಲಿ ಅದ್ರ ಕಿವಿ ಹಿಂಡೂದು ನಾನೇ ಅಲ್ದಾ?"

ಧಣಿಯ ಎದೆಯೊಳಗೆ ಏಡಿಯೊಂದು ಅಡ್ಡ ಸರಿಯಿತು. ಇವನಿಗೇಕೆ ಇಷ್ಟು ಉಮೇದು? ಅಂಗಡಿಯವನಿಗೂ ಇವನಿಗೂ ಮಾತಾಗಿದೆಯೇ? ಇಸ್ತ್ರಿ ಬೇರೆ ಹಾಕಿಸಿದ್ದಾನೆ!

"ಬೇಡ. ನಂಗೂ ಕಣ್ಣಿತ್ತ್."

"ಇತ್ತ್ ಮಾರಾಯ್ರೆ, ಮುಂದೆರಡು, ಬೆನ್ನಿಗೆರಡು" ಎಂದು ತಾಂಡೇಲ ನಕ್ಕು ಹೋದ.

ಮೊದಲನೆಯ ಅಂಗಡಿಯವನು, ಈ ದೋಣಿಗೆ ಇಪ್ಪತ್ತೈದು ಅಶ್ವಶಕ್ತಿ ಸಾಕು ಎಂದ. ಎರಡನೆಯವನೂ ಅದನ್ನೇ ಹೇಳಿದ. ಧಣಿಗೆ ಬೆವರಿತು. ಇಬ್ಬರೂ ಒಂದೇ ಮಾತು ಹೇಳುತ್ತಾರೆಂದರೆ ಫೋನಿನಲ್ಲಿ ಸಂಚಾಗಿದೆ! ಬೇರೆ ಬೇರೆ ಹೇಳಿದ್ದರೋ, ಒಬ್ಬನಾದರೂ ಮೋಸಗಾರನೆಂದು ತಿಳಿಯುತ್ತಿದ್ದ. ಸಂಶಯದವನ ಕಣ್ಣಿಗೆ ಹೊಂದಿದ್ದೂ ತಪ್ಪು, ಹೊಂದದ್ದೂ ತಪ್ಪು. ಹಾಗಾದರೆ ಸರಿ ಎಲ್ಲಿದೆ ಹೇಳಿ?

ಕೊನೆಗೆ ಬಂದರಿನ ಮೂಲೆಯಲ್ಲಿದ್ದ ಒಬ್ಬ ಮುದುಕ ಮೆಕ್ಯಾನಿಕ್ಕಿನ ಬಳಿ ಬಂದ. ಕನ್ನಡಕದ ಒಂದು ಕಡ್ಡಿ ಮುರಿದು ಬಲೆಯ ನೂಲು ಕಟ್ಟಿಕೊಂಡವನು. ಅವನು ಎಂಜಿನ್ನಿನ ಮಾತೇ ಎತ್ತಲಿಲ್ಲ. ಗೋಡೆಯ ಮೊಳೆಯಿಂದ ಎರಡು ಪ್ರೊಪೆಲ್ಲರ್ ತೆಗೆದು ಮೇಜಿನ ಮೇಲಿಟ್ಟ. ಎರಡೂ ಮೂರೆಸಳಿನ ಹೂವಿನ ಹಾಗೆ. ಎರಡೂ ಒಂದೇ ಅಗಲ. ಧಣಿ ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣಲಿಲ್ಲ.

"ಇದು ಒಂದು ಸುತ್ತು ತಿರ್ಗಿರೆ ದೋಣಿನ ಹದ್ನಾಲ್ಕ್ ಇಂಚು ಮುಂದೆ ತಳ್ಳತ್ತ್, ಇದು ಹತ್ತಿಂಚು" ಎಂದ ಮುದುಕ. "ಹದ್ನಾಲ್ಕಿಂದು ಓಡೂಕೆ, ಹತ್ತಿಂದು ಭಾರ ಹೊರೂಕೆ. ಈಗ ಹೇಳಿ, ದೋಣಿ ಎಷ್ಟುದ್ದ? ಎಷ್ಟ್ ಜನ ಕೂಕಂತ್ರ್? ಬಲೆ ಎಷ್ಟ್ ಭಾರ?"

ಏಡಿ ಮತ್ತೆ ಸರಿಯಿತು. ಬೇರೆಯವರು ಹೇಳಿದರು, ಇವನು ಕೇಳುತ್ತಾನೆ! ನನ್ನ ಜನರ ಎಣಿಕೆ ಇವನಿಗೇಕೆ? ಭಾರ ಎಂದು ಬಾಯಿಬಿಟ್ಟರೆ ಭಾರೀ ಬೆಲೆಯ ಎಂಜಿನ್ನನ್ನೇ ತಲೆಗೆ ಕಟ್ಟುತ್ತಾನೆ. ಧಣಿ ಒಳಗೊಳಗೇ ನಕ್ಕ. ನಿನ್ನ ಬಲೆಗೆ ನಾನು ಬೀಳುವ ಮೀನಲ್ಲ.

ದೋಣಿಯ ಉದ್ದವನ್ನು ನಿಜವಾಗಿ ಹೇಳಿದ. ಜನ ಎಷ್ಟೆಂದರೆ, "ಇಬ್ರು" ಎಂದ. ಬಲೆ? "ಸಣ್ಣದು. ಒಬ್ಬ ಹೆಗಲ ಮೇಲೆ ಹಾಕ್ಕಂಡ್ ಹೋಪಷ್ಟು."

ಮುದುಕ ಕನ್ನಡಕದ ಮೇಲಿಂದ ನೋಡಿದ. "ಇಷ್ಟುದ್ದದ ದೋಣಿಗೆ ಇಬ್ರೇ? ಗಂಡ ಹೆಂಡ್ತಿ ಗಾಳಿ ತಿಂಬುಕೆ ಹೋಪುದಾ?"

"ಅದೆಲ್ಲ ನಿಮ್ಗೆಂತಕೆ?"

"ಆಯ್ತಪ್ಪ. ನೀವು ಹೇಳಿದ್ದಕ್ಕೆ ನಾನು ಕೊಡ್ತೆ."

ಮುದುಕ ಇಪ್ಪತ್ತೈದು ಅಶ್ವಶಕ್ತಿಯ ಎಂಜಿನ್ ಕೊಟ್ಟು, ಹದಿನಾಲ್ಕಿಂಚಿನ ಪ್ರೊಪೆಲ್ಲರ್ ಹಾಕಿದ. ಹೊಳೆಯ ದಡಕ್ಕೆ ಬಂದು ದೋಣಿಯ ಹಿಂದಿನ ಹಲಗೆಯ ಎತ್ತರ ಅಳೆದು ಕೂರಿಸಿಕೊಟ್ಟ. ಅವನು ಹೋದ ಮೇಲೆ ಧಣಿ ಅದೇ ಹಲಗೆಯನ್ನು ತನ್ನ ಉಡಿದಾರದಿಂದ ಇನ್ನೊಮ್ಮೆ ಅಳೆದ. ಮತ್ತೆ ಯಾರನ್ನೂ ಕರೆಯದೆ ಒಬ್ಬನೇ ಹೊಳೆಯಲ್ಲಿ ಓಡಿಸಿ ನೋಡಿದ. ಅಬ್ಬ! ಗಾಳಿಯಿಲ್ಲದ ನೀರು, ಬರಿದೋಣಿ, ಒಬ್ಬನೇ ಮನುಷ್ಯ. ದೋಣಿ ನೀರು ಬಿಟ್ಟೆದ್ದು ಬೆಳ್ಳಕ್ಕಿಯ ಹಾಗೆ ಹಾರಿತು. ಧಣಿಗೆ ಎದೆ ತುಂಬಿತು. ನೋಡಿದಿರಾ, ಸಂಶಯ ಪಟ್ಟವನೇ ಗೆದ್ದ!

ತಾಂಡೇಲ ದಡದಿಂದಲೇ ಕೂಗಿದ: "ಹ್ವಾಯ್ ಧಣಿಗಳೇ, ಒಂದ್ಸಲ ಬಲೆ ಹಾಕಿ, ನಾವೆಲ್ಲ ಕೂಕಂಡು ಓಡ್ಸಿ ಕಾಂಬ!"

"ಪೂಜೆಗೆ ಮುಂಚೆ ಹಾಳು ಮಾಡೂಕಾ?" ಎಂದು ಧಣಿ ಎಂಜಿನ್ನಿಗೆ ಟಾರ್ಪಾಲು ಸುತ್ತಿದ. ಯಾರಾದರೂ ಬಿಚ್ಚಿದರೆ ತಿಳಿಯಲೆಂದು ಒಳಮಗ್ಗುಲಲ್ಲಿ ತನಗೆ ಮಾತ್ರ ಗೊತ್ತಿರುವಂತೆ ಒಂದು ಕಪ್ಪು ನೂಲು ಕಟ್ಟಿದ.

ಹುಣ್ಣಿಮೆ ಬಂತು. ಬೆಳಗಿನ ಪೂಜೆ ಆಯಿತು. ಆರು ಜನ ಹೊತ್ತು ತಂದ ಬಲೆ ದೋಣಿಯಲ್ಲಿ ಗುಡ್ಡೆಯಾಯಿತು. ಮಂಜುಗಡ್ಡೆ ಪೆಟ್ಟಿಗೆ ಬಂತು. ಎಂಟು ಜನ ಹತ್ತಿದರು. ಹೆಂಗಸರು ದಡದಲ್ಲಿ ಸೆರಗಿಗೆ ಕೈ ಒರಸಿಕೊಂಡು ನಿಂತರು. ಧಣಿ ಮರಳ ಮೇಲೆ ಎದೆ ಸೆಟೆದು ನಿಂತ.

ಹೊಳೆಯಲ್ಲೇ ಎಂಜಿನ್ ಗಂಟಲಲ್ಲಿ ತುತ್ತು ಸಿಕ್ಕಿದವರ ಹಾಗೆ ಗೊರಗೊರ ಅಂದಿತು. ಅಳಿವೆಯ ಮೊದಲ ತೆರೆಯನ್ನು ಹೇಗೋ ಏರಿತು. ಎರಡನೆಯದಕ್ಕೆ ಕುಂಟಿತು. ಮೂರನೆಯ ತೆರೆಯೆದುರು ತಾಂಡೇಲ ಎಂಜಿನ್ನಿನ ಹಿಡಿ ಪೂರ್ತಿ ತಿರುಗಿಸಿದರೂ ದೋಣಿ ನಿಂತಲ್ಲೇ ನಿಂತಿತು. ತೆರೆ ತಲೆಯ ಮೇಲೆ ಮುರಿದು ಒಳಗೆ ಮೊಣಕಾಲುದ್ದ ನೀರು ಬಂತು. ಎರಡು ತೆರೆಗಳ ನಡುವಿನ ಒಂದು ಗಳಿಗೆಯಲ್ಲಿ ತಾಂಡೇಲ ದೋಣಿ ತಿರುಗಿಸಿದ. ಏಳು ಜನ ಡಬ್ಬಿಯಲ್ಲಿ, ಬೊಗಸೆಯಲ್ಲಿ ನೀರು ಮೊಗೆದು ಚೆಲ್ಲುತ್ತ ಮರಳಿ ಬಂದರು.

ತಾಂಡೇಲನ ಹೆಂಡತಿ ಸೊಂಟದಷ್ಟು ನೀರಿಗೆ ಇಳಿದು ಬಂದವಳು, ಧಣಿಯ ಕಡೆ ತಿರುಗಿದಳು. "ಎಂಟು ಜನ್ರನ್ನ ಮುಳ್ಗ್ಸೂಕೆ ಹೊಸ ದೋಣಿಯೇ ಬೇಕಿತ್ತಾ? ಹಳಿದೇ ಸಾಕಿತ್ತಲ್ಲ!"

ಧಣಿ ಏನು ಮಾಡಿದನೆಂದು ನೀವು ಊಹಿಸಬಲ್ಲಿರಿ. ಓಡಿ ಹೋಗಿ ಬಿಚ್ಚಿಟ್ಟ ಟಾರ್ಪಾಲು ಹುಡುಕಿದ. ಬೆಳಿಗ್ಗೆ ಅದನ್ನು ಬಿಚ್ಚಿದವನು ತಾನೇ, ಆಗ ನೂಲು ಕಟ್ಟಿದ ಹಾಗೇ ಇತ್ತು. ಗಾಬರಿಯಲ್ಲಿ ಅದನ್ನೂ ಮರೆತಿದ್ದ. ತಾಂಡೇಲ ಕೈಯಾಡಿಸಿಲ್ಲ. ಹಾಗಾದರೆ ಕಳ್ಳ ಮೆಕ್ಯಾನಿಕ್ಕೇ! ಫೋನು ಹೋಯಿತು. ಮುದುಕ ಸ್ಕೂಟರಿನಲ್ಲಿ ಬಂದ. ಪ್ಲಗ್ ಬಿಚ್ಚಿ ನೋಡಿದ, ಎಣ್ಣೆ ಬೆರಳಿಗೆ ಹಚ್ಚಿ ನೋಡಿದ, ಕಿವಿಯಿಟ್ಟು ಕೇಳಿದ.

"ಎಂಜಿನ್ನಿಗೆ ಜ್ವರ ಇಲ್ಲ, ಕೆಮ್ಮಿಲ್ಲ" ಎಂದು ಎದ್ದು ನಿಂತ. ಗುಡ್ಡೆ ಬಿದ್ದ ಬಲೆ ನೋಡಿದ. ತೊಯ್ದು ತೊಪ್ಪೆಯಾದ ಎಂಟು ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ ಧಣಿಯ ಮುಖ ನೋಡಿ ಮೆಲ್ಲಗೆ ಕೇಳಿದ: "ಧಣಿಗಳೇ, ಅವತ್ತೊಂದು ಪ್ರಶ್ನೆ ಕೇಳಿದ್ದೆ. ಇನ್ನೊಂದ್ಸಲ ಕೇಳ್ತೆ. ಈ ದೋಣಿಲಿ ಎಷ್ಟು ಜನ ಕೂಕಂತ್ರ್?"

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸುತ್ತೇನೆ. ಧಣಿ ಅಲ್ಲೇ ನಿಂತಿರಲಿ, ಅವನಿಗೂ ಉಸಿರು ಬೇಕು. ಅಷ್ಟರಲ್ಲಿ ನಾನು ನಿಮ್ಮನ್ನು ಕೇಳುತ್ತೇನೆ. ಧಣಿಗೆ ಮೋಸ ಮಾಡಿದವರು ಯಾರು? ಅಂಗಡಿಯವರೇ? ತಾಂಡೇಲನೇ? ಈ ಮುದುಕನೇ? ಮೋಸ ಮಾಡಲು ಅವನು ಯಾರಿಗಾದರೂ ಸಂದು ಕೊಟ್ಟಿದ್ದನೇ? ಎಲ್ಲ ಬಾಗಿಲಿಗೂ ಅಗಳಿ ಹಾಕಿ, ಒಳಗೆ ತಾನೊಬ್ಬನೇ ಕಳ್ಳನಾಗಿ ಕೂತಿದ್ದ.

ನೀವು ದೋಣಿ ಕೊಳ್ಳದೇ ಇರಬಹುದು. ಆದರೆ ತಾಯಂದಿರೇ, ಡಾಕ್ಟರ ಬಳಿ ಹೋಗಿ ಏನು ಮಾಡುತ್ತೀರಿ? ಅರ್ಧ ನೋವು ಹೇಳುತ್ತೀರಿ. ಉಳಿದರ್ಧ ಅವರೇ ಕಂಡುಹಿಡಿಯಲಿ, ಅಷ್ಟು ಓದಿಲ್ಲವೇ ಎನ್ನುತ್ತೀರಿ. ಹಳೆಯ ಮಾತ್ರೆಯನ್ನು ಸೆರಗಿನ ಗಂಟಿನಲ್ಲಿ ಮುಚ್ಚಿಟ್ಟು, ಹೊಸ ಮಾತ್ರೆ ಹಿಡಿಯಲಿಲ್ಲವೆಂದು ಊರಿಡೀ ದೂರುತ್ತೀರಿ. ಅಣ್ಣಂದಿರೇ, ಮಗಳ ಸಂಬಂಧ ಮಾತಾಡುವಾಗ ಆ ಮನೆಯವರ ಏಳು ತಲೆಮಾರು ಜಾಲಾಡುತ್ತೀರಿ. ನಿಮ್ಮ ಮನೆಯ ಮಾತು ಬಂದಾಗ? "ನಮ್ಮದೆಲ್ಲ ಸಣ್ಣ ಬಲೆ." ಅಲ್ಲವೇ? ಸೊಸೆ ಬಂದ ಮೊದಲ ವಾರವೇ ಅವಳ ಪರೀಕ್ಷೆ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವುದಿಲ್ಲ, ಸಾರಿಗೆ ಉಪ್ಪಿಲ್ಲ ಎಂದು ಮಾತ್ರ ಹೇಳುತ್ತೀರಿ!

ಕಣ್ಣು ಮುಚ್ಚಿ ಎಲ್ಲರನ್ನೂ ನಂಬಿ ಎಂದು ನಾನು ಹೇಳುವುದಿಲ್ಲ. ಲೋಕದಲ್ಲಿ ಮೋಸ ಇದೆ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಿ, ಬೇಡವೆನ್ನುವವರು ಯಾರು? ಆದರೆ ನಾಳೆ ಬೆಳಿಗ್ಗೆಯಿಂದ ಒಂದು ಕೆಲಸ ಮಾಡಿ. ನಿಮಗೆ ಸಹಾಯ ಮಾಡಲು ಕೂತವರು ಪ್ರಶ್ನೆ ಕೇಳಿದಾಗ, ಇವರು ಏಕೆ ಕೇಳುತ್ತಾರೆ ಎಂದು ಯೋಚಿಸುವ ಮುಂಚೆ, ನಿಜ ಏನು ಎಂದು ಯೋಚಿಸಿ. ಇರುವ ಭಾರವನ್ನು ಇರುವಷ್ಟೇ ಹೇಳಿ. ಮನೆಯ ಕಷ್ಟ ಹಂಚುವಾಗ ಮನೆಯವರೆಲ್ಲರನ್ನೂ ಕೂರಿಸಿಕೊಂಡು ಮಾತಾಡಿ. ಯಾರನ್ನಾದರೂ ಪರೀಕ್ಷಿಸಬೇಕೇ? ಅವರನ್ನು ಹೊರಗಿಟ್ಟು ಪರೀಕ್ಷಿಸಬೇಡಿ. ಬರಿದೋಣಿ ಯಾರಿಗಾದರೂ ಹಾರುತ್ತದೆ. ಬದುಕು ಬರಿದೋಣಿಯಲ್ಲಿ ಅಳಿವೆ ದಾಟುವುದಿಲ್ಲ.

ಈಗ ಧಣಿಯ ಬಳಿ ಹೋಗೋಣ. ಪಾಪ, ಇನ್ನೂ ನಿಂತಿದ್ದಾನೆ.

ಅವನ ನಾಲಿಗೆಯ ಮೇಲೆ ಇನ್ನೊಂದು ಸುಳ್ಳು ತಯಾರಿತ್ತು. ಇಂದು ಮಾತ್ರ ಹೆಚ್ಚು ಜನ ಹತ್ತಿದರು ಎನ್ನಬಹುದಿತ್ತು. ಆದರೆ ತಾಂಡೇಲನ ಹೆಂಡತಿ ಒದ್ದೆ ಸೀರೆಯಲ್ಲಿ ನಡುಗುತ್ತ ಅವನನ್ನೇ ನೋಡುತ್ತಿದ್ದಳು. ಧಣಿ ಮರಳು ನೋಡುತ್ತ ಹೇಳಿದ:

"ಎಂಟು ಜನ. ಬಲೆ ಆರು ಜನ ಹೊರುವಷ್ಟು. ಅವತ್ತು ನಾನು ಇಬ್ರೇ ಅಂತ ಸುಳ್ಳು ಹೇಳಿದೆ."

ತಾಂಡೇಲ ತಲೆಯ ನೀರು ಒರಸಿಕೊಂಡು ಕೇಳಿದ: "ಇಬ್ರು ಅಂದ್ರ್ಯಾ? ಹಂಗಾರೆ ನಮ್ಮಲ್ಲಿ ಆರು ಜನ ಇಲ್ವೇ ಇಲ್ಯಾ ಧಣಿಗಳೇ?"

ಧಣಿ "ತಪ್ಪಾಯ್ತು" ಎಂದ. ಆ ಊರು ಅವನ ಬಾಯಲ್ಲಿ ಆ ಪದವನ್ನು ಕೇಳಿದ್ದು ಅದೇ ಮೊದಲು.

"ಆಯ್ತು, ಅಳೂಕೆ ಹೊತ್ತಿಲ್ಲ" ಎಂದ ಮುದುಕ. "ಮಧ್ಯಾಹ್ನ ಅಳಿವೆಲಿ ನೀರು ತುಂಬತ್ತ್, ದಾಟೂಕೆ ಅದೇ ಹೊತ್ತು. ಅಷ್ಟ್ರೊಳಗೆ ಬತ್ತೆ." ಸ್ಕೂಟರು ಹೋಯಿತು, ಬಂತು. ಹತ್ತಿಂಚಿನ ಪ್ರೊಪೆಲ್ಲರ್ ಬಂತು. ಹಳೆಯದರ ನಟ್ಟು ಬಿಚ್ಚಿ, ಹೊಸದನ್ನು ಕೂರಿಸಿ, ಬಿಗಿದ. ಅಷ್ಟೇ ಕೆಲಸ. ಎಂಜಿನ್ ಅದೇ, ದೋಣಿ ಅದೇ.

ಮತ್ತೆ ಬಲೆ ತುಂಬಿದರು. ಎಂಟು ಜನ ಹತ್ತಿದರು. ತಾಂಡೇಲ ದಡದ ಕಡೆ ಕೈ ಚಾಚಿದ. "ನೀವೂ ಬನ್ನಿ ಧಣಿಗಳೇ. ಈ ಸಲ ಭಾರ ಸಮ ಲೆಕ್ಕ ಹಾಕ್ವ."

ಧಣಿ ಆ ಕೈ ನೋಡಿದ. ಏಡಿ ಕೊನೆಯ ಬಾರಿ ಎಂಬಂತೆ ಕದಲಿತು. ಅಳಿವೆಯ ನಡುವೆ ಇದೇ ಕೈ ನನ್ನನ್ನು ನೂಕಿದರೆ? ಸಂಶಯ ಒಂದೇ ದಿನದಲ್ಲಿ ಸಾಯುವುದಿಲ್ಲ, ನೋಡಿ. ಅದು ಇದ್ದ ಹಾಗೇ ಅವನು ಕೈ ಹಿಡಿದು ಹತ್ತಿದ. ಬಲೆಯ ಗುಡ್ಡೆಗೂ ಮಂಜುಗಡ್ಡೆಯ ಪೆಟ್ಟಿಗೆಗೂ ನಡುವೆ ಮುದುರಿ ಕೂತ.

ಎಂಜಿನ್ ಈ ಸಲ ಗೊರಗುಟ್ಟಲಿಲ್ಲ, ಹಾಡಿತು. ದೋಣಿ ಹಾರಲಿಲ್ಲ, ತುಂಬು ಬಸುರಿಯ ಹಾಗೆ ನಿಧಾನವಾಗಿ, ಊರಿ ಊರಿ ಹೆಜ್ಜೆಯಿಟ್ಟಿತು. ಮೊದಲ ತೆರೆ ಏರಿತು. ಎರಡನೆಯದು ಏರಿತು. ಮೂರನೆಯ ತೆರೆ ಬಂದಾಗ ಧಣಿ ಕಣ್ಣು ಮುಚ್ಚಿದ. ದೋಣಿ ಎದ್ದಿತು, ಬಹಳ ಹೊತ್ತು ಎದ್ದೇ ಇತ್ತು, ಆಮೇಲೆ ಮೆತ್ತಗೆ ಇಳಿಯಿತು.

"ಕಣ್ ಬಿಡಿ ಮಾರಾಯ್ರೆ" ಎಂದ ತಾಂಡೇಲ. "ದಾಟಿ ಆಯ್ತು."