ಕಂಬದವರೆಗೆ ಬಂದ ಫೈಬರ್

"ಗೋಡೆ ಮೇಲೆ ಡಬ್ಬಿ ಇದ್ದರೆ ಇಂಟರ್ನೆಟ್ ಬಂದಂಗೇನಾ?"

ನೋಂದಣಿ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸು ಯಾರನ್ನೂ ನೋಡದೆ ಕೇಳಿದರು. ನನ್ನ ಸರದಿ ಕಾಯುತ್ತಾ ಬೇಸರ ಕಳೆಯಲು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಪದ್ಯ ಅರ್ಧಕ್ಕೆ ನಿಂತಿತು. ಅವರಿಗೆ ಹಳ್ಳಿಮನೆ ಕೊಡಿಸುತ್ತಿದ್ದ ದಲ್ಲಾಳಿ ಉತ್ತರ ಕೊಟ್ಟ.

"ಬಂದಂಗೇ ಅಕ್ಕ. ಫೈಬರ್ ಇರೋ ಮನೆ ಅಂತ ಹೇಳಿದ್ದೆನಲ್ಲ?"

"ನಿನ್ನೆ ಮುಚ್ಚಳ ತೆಗೆದು ನೋಡ್ದೆ ಅಣ್ಣ. ಒಳಗೆ ಹಲ್ಲಿ ಮೊಟ್ಟೆ ಇತ್ತು, ಕೇಬಲ್ ಇರಲಿಲ್ಲ."

"ಬೀದಿ ಕಂಬದವರೆಗೂ ಬಂದಿದೆಯಲ್ಲ!"

"ಕಂಬದ ಮೇಲೆ ಕೂತು ಕೆಲಸ ಮಾಡೋಕೆ ನಾನೇನು ಕಾಗೆನಾ? ಆಸ್ಪತ್ರೆಯವರು ಕಳಿಸೋ ಸ್ಕ್ಯಾನ್ ನೋಡಿ ಮನೆಯಿಂದಲೇ ವರದಿ ಕೊಡಬೇಕು. ತಡವಾದ್ರೆ ಅಲ್ಲಿ ರೋಗಿ ನರಳ್ತಾರೆ, ಇಲ್ಲಿ ನನ್ನ ಕೆಲಸ ಹೋಗುತ್ತೆ."

"ಅರ್ಜಿ ಹಾಕಿದ್ರೆ ವಾರದಲ್ಲಿ ಎಳೀತಾರೆ ಅಕ್ಕ."

"ಪಕ್ಕದ ಮನೆ ಅಜ್ಜಿಗೂ ಹಾಗೇ ಅಂದಿದ್ರಂತೆ. ಆಗ ಹೊಟ್ಟೆಯಲ್ಲಿದ್ದ ಮೊಮ್ಮಗಳು ಈಗ ಶಾಲೆಗೆ ಹೋಗ್ತಾಳೆ."

ಬೆಂಚಿನ ಆ ತುದಿಯಲ್ಲಿ ಯಾರೋ ನಕ್ಕರು. ಸಹಿಗೆ ಬರುವಂತೆ ಒಳಗಿನಿಂದ ಅವರಿಗೆ ಕರೆ ಬಂತು.

"ಅಕ್ಕ, ಮನೆ ಮಾರೋರು ಕಾಯ್ತಿದ್ದಾರೆ. ನನ್ನ ಮಾತು ನಂಬಿ, ಇವತ್ತೇ ಸಹಿ ಹಾಕ್ಬಿಡಿ."

ಆಕೆ ಚೀಲ ಹೆಗಲಿಗೇರಿಸಿ ಹೊರಬಾಗಿಲ ಕಡೆ ನಡೆದರು.

"ಹಾಕಲ್ಲ ಅಣ್ಣ. ಮೊದಲು ಲೈನ್ ಎಳೆಸಿ. ಆ ಮನೇಲಿ ಕೂತು ಒಂದು ಸ್ಕ್ಯಾನ್ ನೋಡೋವರೆಗೂ ನಾನು ಸಹಿ ಹಾಕಲ್ಲ."